ಮೇಲೆ ಸುಣ್ಣಬಣ್ಣ, ಕೆಳಗೆ ನೀರು

ನೀವೂ ನೋಡಿರುತ್ತೀರಿ. ರಾತ್ರಿ ಊಟ ಮುಗಿಸಿ, ಪಾತ್ರೆಯೆಲ್ಲ ಡಿಶ್‌ವಾಷರಿಗೆ ಹಾಕಿ, ಸೋಫಾದ ಮೇಲೆ ಕಾಲು ಚಾಚಿದ ಹೊತ್ತಿಗೆ ಯೂಟ್ಯೂಬ್ ತಾನಾಗಿಯೇ ಒಂದು ವಿಡಿಯೋ ತಂದು ಮುಂದಿಡುತ್ತದೆ. ಯಾರದೋ ಹಿತ್ತಲಲ್ಲಿ, ಮೊಣಕಾಲೆತ್ತರದ ಹುಲ್ಲಿನ ನಡುವೆ, ಒಂದು ಹಳೆಯ ಪಾಂಟೂನ್ ಬೋಟ್. ಸೀಟಿನೊಳಗೆ ಇಲಿ ಗೂಡು. ಕಾರ್ಪೆಟ್ಟಿನ ಮೇಲೆ ಪಾಚಿ. ನೆಲದ ಪ್ಲೈವುಡ್ಡನ್ನು ಒಬ್ಬ ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ನೆನೆದ ರಸ್ಕಿನ ಹಾಗೆ ಒಳಗೆ ಹೋಗುತ್ತದೆ. ಆಮೇಲೆ ಸಂಗೀತ ಶುರು. ಇಪ್ಪತ್ತೈದು ನಿಮಿಷ ಕಳೆಯುವಷ್ಟರಲ್ಲಿ ಅದೇ ಬೋಟ್ ಫಳಫಳ ಹೊಳೆಯುತ್ತಾ ಸರೋವರದ ಮೇಲೆ ಹೋಗುತ್ತಿರುತ್ತದೆ. ನಿಮಗೂ ಒಂದು ಕ್ಷಣ ಅನ್ನಿಸುತ್ತದೆ: ಇಷ್ಟೇ ತಾನೇ, ನಾವೂ ಮಾಡಬಹುದಲ್ವಾ?

ಈ ಸಲದ ಬರಹ ಆ ವಿಡಿಯೋಗಳ ವಿಮರ್ಶೆ. ಪುಸ್ತಕ, ಸಿನಿಮಾ, ನಾಟಕದ ಮಾತು ಕೇಳಲು ಬರುವ ನಿಮಗೆ ಇದೇನಪ್ಪಾ ಅನ್ನಿಸಬಹುದು. ಆದರೆ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ನೋಡಿ. ಕಳೆದ ಕೆಲವು ವರ್ಷಗಳಲ್ಲಿ ನಮ್ಮಲ್ಲಿ ಎಷ್ಟೋ ಜನ ಕಾದಂಬರಿ ಓದಿದ್ದಕ್ಕಿಂತ ಹೆಚ್ಚು ಹೊತ್ತು ಇನ್ನೊಬ್ಬರು ಏನನ್ನೋ ರಿಪೇರಿ ಮಾಡುವುದನ್ನು ನೋಡುತ್ತಾ ಕಳೆದಿದ್ದೇವೆ. ಇಷ್ಟು ಜನ ಇಷ್ಟು ಹೊತ್ತು ನೋಡುವ ಪ್ರಕಾರಕ್ಕೆ ವಿಮರ್ಶೆ ಬೇಡವೇ? ಇನ್ನೂ ಒಂದು ಕಾರಣವಿದೆ. ಕಾದಂಬರಿ ನಂಬಿ ಯಾರೂ ಮನೆಯವರನ್ನೆಲ್ಲ ಕೂರಿಸಿಕೊಂಡು ನೀರಿಗೆ ಇಳಿಯುವುದಿಲ್ಲ. ಇದನ್ನು ನಂಬಿ ಇಳಿಯುತ್ತಾರೆ. ನಾನು ಇಳಿದಿದ್ದೇನೆ.

ಪಾಂಟೂನ್ ಅಂದರೆ ತೆಪ್ಪ

ಮೊದಲು ವಸ್ತು ಯಾವುದು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಉದ್ದನೆಯ ಎರಡು ಅಲ್ಯೂಮಿನಿಯಂ ಟ್ಯೂಬುಗಳು, ಕೆಲವದರಲ್ಲಿ ಮೂರು. ಅವುಗಳ ಮೇಲೆ ಅಡ್ಡ ತೊಲೆಗಳು, ತೊಲೆಗಳ ಮೇಲೆ ಪ್ಲೈವುಡ್ ನೆಲ, ನೆಲದ ಮೇಲೆ ಸೀಟು, ಸುತ್ತ ಕಟಕಟೆ, ಹಿಂದೆ ಒಂದು ಔಟ್‌ಬೋರ್ಡ್ ಎಂಜಿನ್. ಅಷ್ಟೇ. ಇಲ್ಲಿ ಮಿನ್ನೆಸೋಟಾದಲ್ಲಿ ಇದು ಜಗುಲಿ ಇದ್ದ ಹಾಗೆ. ಬೇಸಿಗೆಯ ಸಂಜೆ ಜನ ಅದರ ಮೇಲೆ ಕೂತು ತಿಂಡಿ ತಿನ್ನುತ್ತಾರೆ, ಹರಟುತ್ತಾರೆ, ಗಾಳ ಹಾಕುತ್ತಾರೆ. ಇದು ಹುಟ್ಟಿದ್ದೂ ಇಲ್ಲೇ. 1952ರ ಸುಮಾರಿಗೆ ರಿಚ್ಮಂಡ್ ಎಂಬ ಸಣ್ಣ ಊರಿನ ಹತ್ತಿರ ಆಂಬ್ರೋಸ್ ವಿಯರ್ಸ್ ಎಂಬ ರೈತ ಉಕ್ಕಿನ ಡ್ರಮ್ಮುಗಳನ್ನು ಸಾಲಾಗಿ ಬೆಸೆದು ಎರಡು ಕಂಬ ಮಾಡಿ, ಮೇಲೆ ಮರದ ಹಲಗೆ ಹೊಡೆದು ನೀರಿಗೆ ಬಿಟ್ಟರು. ಸಾಮಾನ್ಯ ದೋಣಿಗಿಂತ ಇದು ಕಡಿಮೆ ಓಲಾಡುತ್ತದೆ ಅನ್ನುವುದು ಅವರ ಲೆಕ್ಕ. ಲೆಕ್ಕ ಸರಿಯಾಗಿತ್ತು.

ಕನ್ನಡ ಕಲಿಯುತ್ತಿರುವ ಕಿರಿಯ ಓದುಗರಿಗೆ ಇಲ್ಲೊಂದು ಮಾತು. ನಮ್ಮಲ್ಲಿ ನೀರ ಮೇಲೆ ಹೋಗುವುದೆಲ್ಲ 'ದೋಣಿ' ಅಲ್ಲ. ಹಂಪಿಯಲ್ಲಿ ನೀವು ಕೂತು ಗರಗರ ತಿರುಗಿದ ಬುಟ್ಟಿಯಂಥದ್ದು ಹರಿಗೋಲು. ಚಪ್ಪಟೆಯಾಗಿ ತೇಲುವ ಕಟ್ಟು ತೆಪ್ಪ. ಊರಿನ ತೆಪ್ಪೋತ್ಸವದಲ್ಲಿ ಎಷ್ಟೋ ಕಡೆ ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಕಟ್ಟಿ, ದೀಪ ಹಚ್ಚಿ, ದೇವರನ್ನು ಕೂರಿಸುತ್ತಾರಲ್ಲ, ವಿಯರ್ಸ್ ಮಾಡಿದ್ದು ಅದೇ ಉಪಾಯ. ಆದ್ದರಿಂದ ಪಾಂಟೂನ್ ಬೋಟಿಗೆ ತೆಪ್ಪ ಅಂದರೆ ತಪ್ಪಿಲ್ಲ. ಹಾಗೆ ಕರೆದರೆ ಒಂದು ವಿಷಯ ಥಟ್ಟನೆ ಅರ್ಥವಾಗುತ್ತದೆ: ತೆಪ್ಪವನ್ನು ತೇಲಿಸುವುದು ಡ್ರಮ್ಮು. ದೀಪ, ಹೂವು, ಮಂಟಪ ಎಲ್ಲ ಆಮೇಲಿನ ಮಾತು.

ಕ್ಯಾಮೆರಾ ಎಲ್ಲಿ ನೋಡುತ್ತದೆ

ಈ ವಿಡಿಯೋಗಳ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಕ್ಯಾಮೆರಾಕ್ಕೆ ಮೇಲ್ಮೈ ಇಷ್ಟ. ಪ್ರೆಷರ್ ವಾಷರಿನ ನೀರು ಹರಿದ ಕಡೆ ಕೊಳೆ ಪಟ್ಟಿ ಪಟ್ಟಿಯಾಗಿ ಕಳಚುವುದು, ಹೊಸ ವಿನೈಲ್ ನೆಲ ಹಾಸಿಗೆ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುವುದು, ಸೀಟಿಗೆ ಹೊಸ ಬಟ್ಟೆ ಬಿಗಿಯಾಗಿ ಕೂರುವುದು, ಇವೆಲ್ಲ ನೋಡಲು ಸುಖ. ಆದರೆ ಬೋಟಿನ ಜೀವ ಇರುವುದು ಕೆಳಗಿನ ಟ್ಯೂಬುಗಳಲ್ಲಿ. ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಸೋಪಿನ ನೀರು ಬಳಿದು, ಗಾಳಿ ತುಂಬಿ, ಮೊಣಕಾಲೂರಿ ಕೂತು ಎಲ್ಲಿ ಗುಳ್ಳೆ ಬರುತ್ತದೆ ಅಂತ ಗಂಟೆಗಟ್ಟಲೆ ಕಾಯಬೇಕು. ಅದಕ್ಕೆ ಸಂಗೀತ ಹಾಕಿದರೂ ಯಾರು ನೋಡುತ್ತಾರೆ? ಹಾಗಾಗಿ ಆ ಕೆಲಸ ವಿಡಿಯೋದಲ್ಲಿ ಒಂದು ವಾಕ್ಯವಾಗುತ್ತದೆ. 'ಟ್ಯೂಬುಗಳು ಚೆನ್ನಾಗಿಯೇ ಕಾಣ್ತಿವೆ.' ಕಾಣ್ತಿವೆ ನಿಜ. ನೀರು ಒಳಗಿರುತ್ತದೆ.

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಅಡಿ ಉದ್ದ, 23 ಇಂಚು ಅಡ್ಡಳತೆಯ ಒಂದು ಟ್ಯೂಬಿನ ಒಳಗಿನ ಜಾಗ ಸುಮಾರು 1,600 ಲೀಟರ್. ಅಂದರೆ ಪೂರ್ತಿ ಮುಳುಗಿದರೆ ಅದು ಸುಮಾರು 1,600 ಕೆಜಿ ಎತ್ತಿ ಹಿಡಿಯುತ್ತದೆ. ಎರಡಕ್ಕೆ 3,200. ಸಾಮಾನ್ಯವಾಗಿ ಟ್ಯೂಬನ್ನು ಒಳಗೆ ಗೋಡೆ ಹಾಕಿ ಮೂರ್ನಾಲ್ಕು ಕೋಣೆ ಮಾಡಿರುತ್ತಾರೆ, ಒಂದು ತೂತಾದರೂ ಉಳಿದವು ತೇಲಿಸಲಿ ಅಂತ. ಬಹಳ ಒಳ್ಳೆಯ ಏರ್ಪಾಟು. ಆದರೆ ಇದೇ ಏರ್ಪಾಟು ಸೋರಿಕೆಯನ್ನು ಮುಚ್ಚಿಯೂ ಇಡುತ್ತದೆ. ನಾಲ್ಕರಲ್ಲಿ ಒಂದು ಕೋಣೆ ಅರ್ಧ ತುಂಬಿದರೆ 200 ಲೀಟರ್ ನೀರು, 200 ಕೆಜಿ. ಬೋಟ್ ಮುಳುಗುವುದಿಲ್ಲ, ಕಿರುಚುವುದಿಲ್ಲ. ಟಿಕೆಟ್ ಇಲ್ಲದ ಮೂರು ಜನ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾರೆ, ಅಷ್ಟೇ.

ನಮ್ಮದು ಹಾಗೇ ಆಯಿತು. ನಾನೂ ಭಾವನೂ ಸೇರಿ ಒಂದು ಹಳೆಯ ಇಪ್ಪತ್ತಡಿ ಬೋಟ್ ಕೊಂಡು ಮನೆಯ ಡ್ರೈವ್‌ವೇಯಲ್ಲಿ ನಿಲ್ಲಿಸಿಕೊಂಡಿದ್ದೆವು. ನೋಡಿದ ವಿಡಿಯೋಗಳ ಕ್ರಮದಲ್ಲೇ ಹೊರಟೆವು: ತೊಳೆಯುವುದು, ಸೀಟು, ನೆಲ, ಬಣ್ಣ, ಸ್ಪೀಕರು. ಒಂದಿಡೀ ವಸಂತ ಹೋಯಿತು. ನೀರಿಗಿಳಿಸಿದ ಮೂರನೇ ವಾರ, ಊರಿಂದ ಬಂದಿದ್ದ ಅಮ್ಮನನ್ನೂ ಕೂರಿಸಿಕೊಂಡು ಒಂಬತ್ತು ಜನ ಹೊರಟೆವು. ಸೀರೆಯ ಮೇಲೆ ಲೈಫ್ ಜಾಕೆಟ್ ಹಾಕಿಸಿದ್ದಕ್ಕೆ ಅಮ್ಮನಿಗೆ ಸಿಟ್ಟು. ಅವರಿಗೆ ಈಜು ಬರುವುದಿಲ್ಲ.

"ಭಾವ, ಹಿಂದೆ ಎಡಗಡೆ ಸ್ವಲ್ಪ ವಾಲ್ತಿದೆ ಅನ್ಸಲ್ವಾ?" ಅಂದೆ.

"ನಿಮ್ಮಕ್ಕ ಆ ಕಡೆ ಕೂತಿದ್ದಾಳಲ್ಲೋ" ಅಂತ ನಕ್ಕರು.

ಅಕ್ಕ ಎದ್ದು ಬಲಗಡೆಗೆ ಬಂದಳು. ವಾಲುವುದು ನಿಲ್ಲಲಿಲ್ಲ. ಭಾವನ ನಗು ನಿಂತಿತು. ಯಾರಿಗೂ ಏನೂ ಹೇಳದೆ, ದಡಕ್ಕೆ ಹತ್ತಿರವಾಗಿ, ನಿಧಾನವಾಗಿ ವಾಪಸ್ ಬಂದೆವು. ಏನೂ ಆಗಲಿಲ್ಲ. ಆದರೆ ಆ ಇಪ್ಪತ್ತು ನಿಮಿಷ ಅಮ್ಮನ ಜಾಕೆಟ್ಟಿನ ಕೊಂಡಿಯನ್ನು ನಾನು ಎಷ್ಟು ಸಲ ನೋಡಿದೆನೋ ನನಗೇ ಗೊತ್ತಿಲ್ಲ.

ಪಕ್ಕದ ಊರಿನ ವೆಲ್ಡರ್ ಬಂದು ಮೊದಲು ಮಾಡಿದ್ದು ಏನು ಗೊತ್ತಾ? ಬೆರಳ ಗಂಟಿನಿಂದ ಟ್ಯೂಬನ್ನು ಮುಂದಿನಿಂದ ಹಿಂದಿನವರೆಗೆ ಬಡಿಯುತ್ತಾ ಹೋದದ್ದು. ನಮ್ಮಜ್ಜಿ ಹಲಸಿನ ಹಣ್ಣು ಬಡಿದು ನೋಡುತ್ತಿದ್ದ ಹಾಗೇ. ಮೂರು ಕೋಣೆ ಟಣ್ ಟಣ್ ಅಂದವು, ನಾಲ್ಕನೆಯದು ದಬ್ ಅಂದಿತು. ಒಂದು ನಿಮಿಷದ ಕೆಲಸ. ಅಡ್ಡ ತೊಲೆಯನ್ನು ಹಿಡಿದಿರುವ ಬ್ರಾಕೆಟ್ಟಿನ ಬುಡದಲ್ಲಿ ಬೆಸುಗೆ ಕೂದಲೆಳೆಯಷ್ಟು ಬಿರಿದಿತ್ತು. ಆ ಕೋಣೆಗೆ ನೀರು ಬಸಿಯುವ ಬಿರಡೆಯೂ ಇರಲಿಲ್ಲ. ತಳದಲ್ಲಿ ತೂತು ಕೊರೆದು, ನೀರು ಬಸಿದು, ಒಳಗೆಲ್ಲ ಒಣಗಿಸಿ, ಆಮೇಲೆ ಬೆಸೆಯಬೇಕಾಯಿತು. ಮೇಲಿನಿಂದ ಬ್ರಾಕೆಟ್ಟಿಗೆ ಕೈ ಸಿಗಲು ನಾವು ಆಸೆಯಿಂದ ಅಂಟಿಸಿದ್ದ ಹೊಸ ನೆಲದ ಒಂದು ಭಾಗ ಕಿತ್ತುಹಾಕಿದೆವು. ಕ್ರಮ ತಲೆಕೆಳಗಾದರೆ ಬೆಲೆ ಹೀಗೆ ತೆರಬೇಕಾಗುತ್ತದೆ.

ಗಾಳಿ ತುಂಬಿ ಪರೀಕ್ಷಿಸುವುದನ್ನು ತೋರಿಸುವ ವಿಡಿಯೋಗಳಲ್ಲೂ ಒಂದು ಮಾತು ಎಷ್ಟೋ ಸಲ ಬಿಟ್ಟುಹೋಗಿರುತ್ತದೆ. ಎರಡು ಮೂರು ಪಿಎಸ್ಐ ಒತ್ತಡ ಸಾಕು, ಅದಕ್ಕಿಂತ ಹೆಚ್ಚು ಕೂಡದು. ಮೂರು ಪಿಎಸ್ಐ ಅಂದರೆ ಸೈಕಲ್ ಚಕ್ರಕ್ಕೆ ಯಾತಕ್ಕೂ ಸಾಲದಷ್ಟು ಗಾಳಿ. ಆದರೆ 23 ಇಂಚಿನ ಮುಚ್ಚಳದ ಇಡೀ ಅಗಲಕ್ಕೆ ಲೆಕ್ಕ ಹಾಕಿದರೆ ಅದು ಐನೂರು ಕೆಜಿಗೂ ಮೀರಿದ ತಳ್ಳುವಿಕೆ. ಗ್ಯಾರೇಜಿನ ಕಂಪ್ರೆಸರನ್ನು ಅಳತೆಯಿಲ್ಲದೆ ನೇರವಾಗಿ ಹಚ್ಚಿದರೆ ಬೆಸುಗೆ ಬಿರಿಯಬಹುದು, ಎದುರು ನಿಂತವರಿಗೆ ಪೆಟ್ಟಾಗಬಹುದು. ನಮ್ಮ ಕಡೆಯ ಚಳಿಗೆ ಇನ್ನೊಂದು ಸೇರಿಸಿಕೊಳ್ಳಿ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಒಳಗೆ ನೀರಿದ್ದ ಟ್ಯೂಬ್ ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಹೊಲಿಗೆ ಬಿಟ್ಟ ಚೀಲವಾಗಬಹುದು. ಹಳೆಯ ಬೋಟ್ ಕೊಳ್ಳುವಾಗ ಇದನ್ನು ನೋಡುವುದು ಬಿಟ್ಟು ಸೀಟಿನ ಬಣ್ಣ ನೋಡುತ್ತೇವೆ. ವಿಡಿಯೋಗಳು ಕಣ್ಣಿಗೆ ಕಲಿಸಿದ್ದು ಅದನ್ನೇ ತಾನೇ.

ಹಸಿರು ಹಲಗೆ, ಬರಿಗೈ

ಎರಡನೇ ತಕರಾರು ಸಾಮಗ್ರಿಯ ಬಗ್ಗೆ. ನೆಲಕ್ಕೆ ಮುಕ್ಕಾಲು ಇಂಚಿನ ಪ್ಲೈವುಡ್, ನಾಲ್ಕಡಿ ಎಂಟಡಿಯ ಹಾಳೆ, ಇಪ್ಪತ್ತಡಿ ಬೋಟಿಗೆ ಐದು ಬೇಕು. ಯಾವ ಪ್ಲೈವುಡ್ ಅನ್ನುವಲ್ಲಿ ವಿಡಿಯೋಗಳು ತಡವರಿಸುತ್ತವೆ. ಮರೀನ್ ಪ್ಲೈವುಡ್ ದುಬಾರಿ. ಅದರ ಅಂಟು ನೀರಿಗೆ ಬಿಡುವುದಿಲ್ಲ, ಪದರಗಳ ನಡುವೆ ಖಾಲಿ ಜಾಗ ಕಡಿಮೆ. ಹಾಗಂತ ಅದು ಕೊಳೆಯುವುದೇ ಇಲ್ಲ ಅಂತೇನಿಲ್ಲ, ಅಂಚುಗಳಿಗೆ ಎಪಾಕ್ಸಿಯನ್ನೋ ಬೇರೆ ಲೇಪನವನ್ನೋ ಬಳಿಯಲೇಬೇಕು. ಅಗ್ಗವಾಗಿ ಸಿಗುವುದು ಮನೆಯ ಹೊರಗಿನ ಡೆಕ್ಕಿಗೆ ಬಳಸುವ, ಮದ್ದು ಹಾಕಿದ ಹಸಿರು ಛಾಯೆಯ ಪ್ಲೈವುಡ್. ಆ ಮದ್ದಿನಲ್ಲಿ ತಾಮ್ರವಿದೆ. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಇದ್ದ ಹಳೆಯ ಮದ್ದನ್ನು 2003ರ ಕೊನೆಯಲ್ಲಿ ಕೈಬಿಟ್ಟಮೇಲೆ ಬಂದ ಹೊಸ ಮದ್ದುಗಳಲ್ಲಿ ತಾಮ್ರ ಇನ್ನೂ ಹೆಚ್ಚು. ಒದ್ದೆಯಲ್ಲಿ ತಾಮ್ರ ಅಲ್ಯೂಮಿನಿಯಮ್ಮಿಗೆ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಹೈಸ್ಕೂಲಿನಲ್ಲಿ ಎರಡು ಲೋಹ, ಒಂದು ಲೋಟ ಉಪ್ಪುನೀರು ಇಟ್ಟು ಬಲ್ಬು ಹೊತ್ತಿಸಿದ್ದು ನೆನಪಿದೆಯೇ? ನಿಮ್ಮ ಬೋಟಿನ ನೆಲದಡಿಯಲ್ಲಿ ಅದೇ ಪ್ರಯೋಗ ವರ್ಷಗಟ್ಟಲೆ ನಡೆಯುತ್ತದೆ, ಬಲ್ಬು ಮಾತ್ರ ಇರುವುದಿಲ್ಲ. ಇದರ ಜೊತೆಗೆ ಅಗ್ಗದ ಸತು ಲೇಪಿತ ಸ್ಕ್ರೂ ಹೊಡೆದರೆ ಅದೂ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಬೋಲ್ಟು, ಕೆಳಗೆ ಲಾಕ್ ನಟ್ಟು, ಇಷ್ಟು ಖರ್ಚು ಮಾಡಲೇಬೇಕು.

ಇನ್ನು ಕಿತ್ತ ಹಳೆಯ ಹಲಗೆ ಎಲ್ಲಿಗೆ ಹೋಯಿತು? ವಿಡಿಯೋದಲ್ಲಿ ಅದು ಚೌಕಟ್ಟಿನಿಂದ ಆಚೆಗೆ ಹಾರುತ್ತದೆ, ಮುಗಿಯಿತು. 2003ಕ್ಕಿಂತ ಹಿಂದಿನದಾದರೆ ಅದರಲ್ಲಿ ಆರ್ಸೆನಿಕ್ ಇರುವ ಸಾಧ್ಯತೆ ಇದೆ. ಕೊಯ್ಯುವಾಗ ಮಾಸ್ಕ್ ಬೇಕು. ಹಿತ್ತಲ ಬೆಂಕಿಗಂತೂ ಹಾಕಲೇಬಾರದು, ಹೊಗೆಯೂ ವಿಷ, ಬೂದಿಯೂ ವಿಷ.

ಟ್ಯೂಬಿಗೆ ಹೊಳಪು ತರುವ ದೃಶ್ಯ ಇಡೀ ಪ್ರಕಾರದ ನೆಚ್ಚಿನ ದೃಶ್ಯ. ಕಪ್ಪಾದ ಅಲ್ಯೂಮಿನಿಯಂ ಮೇಲೆ ಏನೋ ಸಿಂಪಡಿಸುತ್ತಾರೆ, ನೊರೆ ಬರುತ್ತದೆ, ತೊಳೆದರೆ ಬೆಳ್ಳಿಯ ಹಾಗೆ ಬೆಳಗುತ್ತದೆ. ಅಂಥ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಮ್ಮಿಗೇ ಕೈ ಹಾಕುತ್ತದೆ. ತೆಳುವಾಗಿದ್ದಾಗ ತಕ್ಷಣ ನೋವೂ ಗೊತ್ತಾಗುವುದಿಲ್ಲ, ಗಂಟೆಗಳ ನಂತರ ಶುರುವಾಗುತ್ತದೆ. ಇದನ್ನು ಅರ್ಧ ತೋಳಿನ ಅಂಗಿಯಲ್ಲಿ, ಬರಿಗೈಯಲ್ಲಿ ಬಳಸುವುದನ್ನು ನಾನು ಒಂದಕ್ಕಿಂತ ಹೆಚ್ಚು ವಿಡಿಯೋದಲ್ಲಿ ಕಂಡಿದ್ದೇನೆ. ಟ್ಯೂಬ್ ಹೊಳೆದರೆ ಬೋಟ್ ಚೆನ್ನಾಗಿ ತೇಲುತ್ತದೆಯೇ? ಇಲ್ಲ. ಹೊಳಪಿಗಾಗಿ ಕೈ ಒಡ್ಡುವ ಮೊದಲು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ.

ಓಡಿಸಿದ ಕಾಲ

ಮೂರನೆಯದು ಸಮಯ. ಈ ಪ್ರಕಾರದ ವ್ಯಾಕರಣವೇ ಟೈಮ್ ಲ್ಯಾಪ್ಸ್. ತುಕ್ಕು ಹಿಡಿದ ಒಂದು ಬೋಲ್ಟಿಗೆ ನಾವು ಇಡೀ ಶನಿವಾರ ಸಂಜೆ ಕಳೆದಿದ್ದೇವೆ. ನಟ್ಟು ತಿರುಗಿಸಿದರೆ ಬೋಲ್ಟೂ ಜೊತೆಗೇ ತಿರುಗುತ್ತದೆ. ಒಬ್ಬ ಮೇಲೆ ಹಿಡಿಯಬೇಕು, ಒಬ್ಬ ಕೆಳಗೆ ಮಲಗಬೇಕು, ಕೊನೆಗೆ ಗ್ರೈಂಡರಿನಿಂದ ಕತ್ತರಿಸಬೇಕು. ಅಂಥವು ಹತ್ತಾರು. ವಿಡಿಯೋದಲ್ಲಿ ಇದು ನಾಲ್ಕು ಸೆಕೆಂಡು. ನಾನು ದೂರುತ್ತಿರುವುದು ಕತ್ತರಿಸಿದ್ದನ್ನಲ್ಲ, ಯಾವ ಸಿನಿಮಾವೂ ಕತ್ತರಿಸದೆ ಆಗುವುದಿಲ್ಲ. ಎಷ್ಟು ಕತ್ತರಿಸಿದೆವು ಅಂತ ಹೇಳದಿರುವುದು ತಪ್ಪು. 'ಈ ಭಾಗಕ್ಕೆ ಹನ್ನೊಂದು ಗಂಟೆ ಹಿಡಿಯಿತು' ಅನ್ನುವ ಒಂದು ಸಾಲು ಸಾಕಾಗಿತ್ತು. ಆ ಸಾಲು ಇಲ್ಲದ್ದರಿಂದ ನೋಡಿದವರು ತಮ್ಮ ಡ್ರೈವ್‌ವೇಯಲ್ಲಿ ಒದ್ದಾಡುವಾಗ, ಕೆಲಸ ಕಷ್ಟದ್ದು ಅಂದುಕೊಳ್ಳುವುದಿಲ್ಲ. ನಾನೇ ದಡ್ಡ ಅಂದುಕೊಳ್ಳುತ್ತಾರೆ. ಅರ್ಧಕ್ಕೆ ಬಿಟ್ಟ ಬೋಟುಗಳು ಎಷ್ಟು ಹಿತ್ತಲುಗಳಲ್ಲಿ ಟಾರ್ಪಾಲಿನಡಿ ಮಲಗಿವೆಯೋ, ನಿಮ್ಮ ಬೀದಿಯಲ್ಲೂ ಒಂದಿರಬಹುದು.

ಹಣದ ಮಾತೂ ಹಾಗೆಯೇ. ಕೊಂಡ ಬೆಲೆಯನ್ನು ದೊಡ್ಡ ಅಕ್ಷರದಲ್ಲಿ ತೋರಿಸುತ್ತಾರೆ. ಗ್ರೈಂಡರು, ರಿವೆಟ್ ಗನ್ನು, ಟ್ರೇಲರಿನ ಟಯರು, ವೆಲ್ಡರಿನ ಕೂಲಿ ಲೆಕ್ಕಕ್ಕೆ ಬರುವುದಿಲ್ಲ.

ಒಳ್ಳೆಯದನ್ನೂ ಹೇಳಬೇಕು

ಇಷ್ಟೆಲ್ಲ ಬೈದಮೇಲೂ ನಾನು ಈ ವಿಡಿಯೋಗಳನ್ನು ನೋಡುವುದು ಬಿಟ್ಟಿಲ್ಲ. ಅವು ಒಂದು ಹೆದರಿಕೆ ಹೋಗಲಾಡಿಸಿವೆ. ನಮ್ಮ ಮನೆಗಳಲ್ಲಿ ಕೈಗೆ ಗ್ರೀಸ್ ಹತ್ತುವ ಕೆಲಸ ಬೇರೆ ಯಾರದೋ ಕೆಲಸವಾಗಿತ್ತು. ಓದುವ ಹುಡುಗ ಸ್ಪ್ಯಾನರ್ ಹಿಡಿಯಬಾರದು. ನಾನು ಬೆಳೆದದ್ದು ಹಾಗೆ. ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ರಿವೆಟ್ ಹೊಡೆಯುವುದು ಕಲಿತದ್ದು ಒಂದು ವಿಡಿಯೋ ನೋಡಿಯೇ. ಕಲಿಸಿದವರ ಮುಖ ಕೂಡ ನೋಡಿಲ್ಲ, ಬರೀ ಕೈ ಕಂಡಿದ್ದೆ.

ಇವುಗಳಲ್ಲೇ ಒಂದು ಉತ್ತಮ ತಳಿಯೂ ಇದೆ. ಒಂದೇ ಬೋಟನ್ನು ಹತ್ತು ಹದಿನೈದು ಕಂತುಗಳಲ್ಲಿ, ವಾರಕ್ಕೊಂದರಂತೆ ತೋರಿಸುವಂಥವು. ಅಲ್ಲಿ ಮಾಡಿದ ತಪ್ಪು ಮುಂದಿನ ಕಂತಿನಲ್ಲಿ ಹೊರಗೆ ಬರುತ್ತದೆ. 'ಹೋದ ವಾರ ಹೀಗೆ ಮಾಡಿದ್ದೆ, ತಪ್ಪಾಯ್ತು, ಕಿತ್ತು ಹಾಕ್ತಿದ್ದೀನಿ' ಅನ್ನುತ್ತಾರೆ. ನೋಡುವವರು ಕಡಿಮೆ, ಸಂಗೀತವೂ ಕಡಿಮೆ. ನನ್ನ ಮಟ್ಟಿಗೆ ಈ ಪ್ರಕಾರದ ಒಳ್ಳೆಯ ಕೃತಿಗಳು ಅವೇ. ಅವುಗಳಲ್ಲಿ ಯಾವಾಗಲೂ ಒಂದು ಕಂತು ಪೂರ್ತಿ ಟ್ಯೂಬುಗಳಿಗೆ ಮೀಸಲು.

ಮೂರು ಪದ

ಇಂಗ್ಲಿಷಿನಲ್ಲಿ ಈ ಎಲ್ಲ ವಿಡಿಯೋಗಳ ಮೇಲೂ ಒಂದೇ ಹಣೆಪಟ್ಟಿ: ರಿಸ್ಟೊರೇಶನ್. ಕನ್ನಡದಲ್ಲಿ ನಮಗೆ ಬೇರೆ ಬೇರೆ ಪದಗಳಿವೆ, ಅವನ್ನು ಬಳಸಿದರೆ ವಿಮರ್ಶೆ ಅರ್ಧ ಮುಗಿದಂತೆ. ಸುಣ್ಣಬಣ್ಣ ಅಂದರೆ ಹಬ್ಬಕ್ಕೆ ಮುಂಚೆ ಗೋಡೆಗೆ ಬಳಿಯುವುದು. ತಪ್ಪಲ್ಲ, ಆದರೆ ಗೋಡೆಯ ಬಿರುಕು ಹಾಗೇ ಇರುತ್ತದೆ. ದುರಸ್ತಿ ಅಂದರೆ ಕೆಟ್ಟದ್ದನ್ನು ಹುಡುಕಿ ಸರಿ ಮಾಡುವುದು. ಜೀರ್ಣೋದ್ಧಾರ ಅನ್ನುವುದನ್ನು ಹಳೆಯ ದೇವಸ್ಥಾನಗಳ ಬಗ್ಗೆ ಹೇಳುತ್ತೇವೆ: ಜೀರ್ಣವಾದದ್ದನ್ನು ಮೇಲಕ್ಕೆತ್ತುವುದು. ಅಡಿಪಾಯ ಮುಟ್ಟದೆ ಯಾರೂ ಆ ಪದ ಬಳಸುವುದಿಲ್ಲ. ನಾನು ನೋಡಿದ 'ರಿಸ್ಟೊರೇಶನ್'ಗಳಲ್ಲಿ ಹೆಚ್ಚಿನವು ಸುಣ್ಣಬಣ್ಣ. ಕೆಲವು ದುರಸ್ತಿ. ಜೀರ್ಣೋದ್ಧಾರ ಅನ್ನಬಹುದಾದದ್ದು ಬೆರಳೆಣಿಕೆ. ನಮ್ಮ ಬೋಟ್ ಮೊದಲ ಬೇಸಿಗೆಯಲ್ಲಿ ಸುಣ್ಣಬಣ್ಣ, ಎರಡನೆಯದರಲ್ಲಿ ದುರಸ್ತಿ.

ಹಾಗಾಗಿ ಮುಂದಿನ ಸಲ ಇಂಥದ್ದೊಂದು ಎದುರಿಗೆ ಬಂದರೆ, ಸುಮ್ಮನೆ ನೋಡಿ ಸಂತೋಷಪಡುವುದಾದರೆ ಪಡಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಅದನ್ನು ನೋಡಿ ಕೈ ಹಾಕುವ ಮನಸ್ಸಿದ್ದರೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಸೀಟಿಗೆ ಕೈ ಹಾಕುವ ಮೊದಲು ಟ್ಯೂಬ್ ಪರೀಕ್ಷೆ ಮಾಡಿದರೇ? ಯಾವ ಹಲಗೆ, ಯಾವ ಬೋಲ್ಟು ಅಂತ ಹೇಳಿದರೇ? ಒಟ್ಟು ಗಂಟೆ, ಒಟ್ಟು ಹಣ ಹೇಳಿದರೇ? ಒಂದು ವರ್ಷದ ನಂತರ ಅದೇ ಬೋಟನ್ನು ಮತ್ತೆ ತೋರಿಸಿದರೇ? ನಾಲ್ಕನೆಯದಕ್ಕೆ ಹೌದು ಅನ್ನುವ ವಿಡಿಯೋ ಸಿಕ್ಕರೆ ದಯವಿಟ್ಟು ನನಗೂ ಕಳಿಸಿ, ಮುಂದಿನ ಕಂತಿನಲ್ಲಿ ಅದರ ಬಗ್ಗೆ ಮಾತಾಡುತ್ತೇನೆ.

ನಮ್ಮ ತೆಪ್ಪ ಈಗ ಟ್ರೇಲರಿನ ಮೇಲಿದೆ, ಮುಂಭಾಗ ಸ್ವಲ್ಪ ಎತ್ತರಿಸಿ ಇಟ್ಟಿದ್ದೇವೆ. ಎಲ್ಲ ಕೋಣೆಗಳಿಗೂ ಈಗ ಬಿರಡೆ ಇದೆ. ಪ್ರತಿ ಸಲ ನೀರಿನಿಂದ ಎಳೆದಮೇಲೆ ಭಾವ ಒಂದೊಂದೇ ಬಿರಡೆ ಬಿಚ್ಚುತ್ತಾರೆ, ನಾನು ಕೆಳಗೆ ಒಂದು ಲೋಟ ಹಿಡಿಯುತ್ತೇನೆ. ಹೋದ ಸಲ ಎಡಗಡೆಯ ಹಿಂದಿನ ಕೋಣೆಯಿಂದ ಎರಡು ಚಮಚದಷ್ಟು ನೀರು ಬಂತು. ಬೆವರಿದ್ದು ಇರಬೇಕು ಅಂತ ಭಾವ. ನಾನು ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಕಿತ್ತ ನೆಲಕ್ಕೆ ತೇಪೆ ಹಾಕಿದ ಕಡೆ ಬಣ್ಣ ಹೊಂದಿಲ್ಲ. ಅದನ್ನು ಹಾಗೇ ಬಿಟ್ಟಿದ್ದೇವೆ.